ಮೂವರಿಗೆ ಹೇಳಿದ ಮಾತು, ಹೆಂಗಸರ ಬಾಯಿಗೆ ಮಾತ್ರ ಬೀಗ

ಗೆಳೆಯರೇ, ಇದು ಉದ್ದದ ಪೋಸ್ಟು. ಪುರುಸೊತ್ತು ಮಾಡಿಕೊಂಡು ಓದಿ. ಚರ್ಚಿಗೆ ಹೋಗೋರೂ ಓದಿ, ಹೋಗದೇ ಇರೋರೂ ಓದಿ.

ಹೋದ ಭಾನುವಾರ ನಮ್ಮ ಕೇರಿಯ ಚರ್ಚಿನಲ್ಲಿ ಸಾಕ್ಷಿ ಹೇಳುವ ಹೊತ್ತಿಗೆ ನಮ್ಮವ್ವ ಎದ್ದು ನಿಂತಳು. ಅರವತ್ತೆಂಟು ವರ್ಷ. ಪ್ರತಿ ಶನಿವಾರ ಆ ಚರ್ಚಿನ ನೆಲ ಒರೆಸೋದು, ಬೆಂಚು ಜೋಡಿಸೋದು ಅವಳೇ. ಅವಳು ಕೇಳಿದ್ದು ಒಂದೇ ಮಾತು. ಸಮಾಧಿ ಜಾಗಕ್ಕೆ ಬೇಲಿ ಹಾಕಿಸ್ತೀವಿ ಅಂತ ಎರಡು ವರ್ಷದ ಹಿಂದೆ ಮನೆಗೆ ಐನೂರು ರೂಪಾಯಿ ಎತ್ತಿದ್ರಲ್ಲ, ಆ ದುಡ್ಡು ಎಲ್ಲಿ? ಬೇಲಿ ಬಂದಿಲ್ಲ. ಪಕ್ಕದ ಜಮೀನಿನವರು ಪ್ರತಿ ಮುಂಗಾರಿಗೂ ಎರಡೆರಡು ಸಾಲು ಒತ್ತಿಕೊಂಡು ಉಳ್ತಾ ಬರ್ತಿದ್ದಾರೆ. ನಮ್ಮಪ್ಪನ ಸಮಾಧಿಯ ಕಾಲ ಕಡೆ ಈಗ ನೇಗಿಲ ಗೆರೆ ಇದೆ.

ಅಯ್ಯನವರು ಮೈಕ್ ಆಫ್ ಮಾಡಿಸಿದರು. ಆಮೇಲೆ ಪುಸ್ತಕ ತೆಗೆದು ಕೊರಿಂಥದವರಿಗೆ ಬರೆದ ಮೊದಲನೇ ಪತ್ರಿಕೆ, 14ನೇ ಅಧ್ಯಾಯ, 34 ಮತ್ತು 35ನೇ ವಚನ ಓದಿದರು. ಸಭೆಯಲ್ಲಿ ಹೆಂಗಸರು ಬಾಯಿ ಬಿಡಬಾರದು, ತಿಳ್ಕೋಬೇಕಾದ್ದು ಏನಾದರೂ ಇದ್ರೆ ಮನೇಲಿ ಗಂಡನ್ನ ಕೇಳ್ಕೋಬೇಕು ಅನ್ನೋದು ಅದರ ಸಾರ. ನಾನು ಎದ್ದು "ಇದು ಯಾವ ಕಾಲದ ಮಾತು ಅಯ್ಯನೋರೇ" ಅಂದೆ. ಅದಕ್ಕೆ ಅವರು ನಕ್ಕು, "ಇದು ನನ್ನ ಮಾತಲ್ಲಮ್ಮ, ಮೂಲ ಗ್ರೀಕಲ್ಲೇ ಹಾಗಿದೆ" ಅಂದರು.

ಅವ್ವ ಕೂತಳು. ಮನೆಗೆ ಬಂದು ಸೆರಗು ಕೊಡವಿಕೊಂಡು ಅಂದಿದ್ದು ಇಷ್ಟೇ: "ನನ್ನ ಗಂಡ ಸತ್ತು ಹನ್ನೆರಡು ವರ್ಷ ಆಯ್ತು. ಯಾರನ್ನ ಕೇಳ್ಲಿ ನಾನು, ಗುಂಡಿ ತೋಡಿ ಕೇಳ್ಲಾ?"

'ಮೂಲದಲ್ಲೇ ಹಾಗಿದೆ.' ಈ ಮಾತು ನಮಗೆ ಹೊಸದಲ್ಲ. ನಮ್ಮ ತಾತ ಮುತ್ತಾತಂದಿರಿಗೆ ಮೂಲ ಸಂಸ್ಕೃತದಲ್ಲೇ ಹಾಗಿದೆ ಅಂತ ಹೇಳ್ತಿದ್ರು. ಆ ಸಂಸ್ಕೃತ ನಾವು ಓದೋ ಹಾಗಿಲ್ಲ. ಕೇಳಿಸಿಕೊಂಡರೆ ಕಿವಿಗೆ ಕಾದ ಸೀಸ ಹುಯ್ಯಿ ಅಂತ ಗೌತಮ ಧರ್ಮಸೂತ್ರ. ಓದೋಕೆ ಬಿಡದ ಭಾಷೆಯಲ್ಲಿ ಬರೆದ ಕಾನೂನಿನಿಂದ ಹೊಡೆಸಿಕೊಂಡು ಬಂದ ಜನ ನಾವು. ಅದನ್ನು ಬಿಟ್ಟು ಇಲ್ಲಿಗೆ ಬಂದರೆ, ಇಲ್ಲೂ ಒಂದು ಮೂಲ ಭಾಷೆ, ಇಲ್ಲೂ ಅದನ್ನು ಕಾಯೋಕೆ ಒಬ್ಬ ಗಂಡಸು.

ಆಯ್ತು, ಮೂಲಕ್ಕೇ ಹೋಗೋಣ. ನಾನು ಗ್ರೀಕ್ ಪಂಡಿತೆ ಅಲ್ಲ. ಆದರೆ ಇದೇ ವಚನದಿಂದ ಏಟು ತಿಂದಿದ್ದು ಇದೇ ಮೊದಲೂ ಅಲ್ಲ. ಆರು ವರ್ಷದ ಹಿಂದೆ ದೇವಶಾಸ್ತ್ರ ಕಲಿಸುವ ಗೆಳತಿಯೊಬ್ಬಳ ಪಕ್ಕ ಕೂತು ಆ ಅಕ್ಷರ ಕೂಡಿಸಿ ಓದೋದು ಕಲಿತೆ. ಪದದ ಕೆಳಗೆ ಪದದ ಅರ್ಥ ಇರೋ ಪುಸ್ತಕ ಇಟ್ಟುಕೊಂಡು ಈ ಅಧ್ಯಾಯಗಳನ್ನ ಒಂದೊಂದೇ ಪದವಾಗಿ ದಾಟಿದೆ. ಅಲ್ಲಿ ಕಂಡಿದ್ದನ್ನ ಹೇಳ್ತೀನಿ.

ಮೊದಲನೇ ಪದ: ಸಿಗಾವೊ. ಸುಮ್ಮನಿರು, ಮಾತು ನಿಲ್ಲಿಸು ಅಂತ ಅರ್ಥ. 34ನೇ ವಚನದಲ್ಲಿ ಹೆಂಗಸರಿಗೆ ಹೇಳಿರೋದು ಇದೇ ಪದ, ನಿಜ. ಆದರೆ ಅಯ್ಯನವರೇ, ಅದೇ ಪುಟದಲ್ಲಿ ಆರು ವಚನ ಮೇಲಕ್ಕೆ ಕಣ್ಣು ಹಾಯಿಸಿ. 28ನೇ ವಚನ: ಅನ್ಯಭಾಷೆಯಲ್ಲಿ ಮಾತಾಡೋನಿಗೆ ಅರ್ಥ ಹೇಳೋರು ಯಾರೂ ಇಲ್ಲದಿದ್ದರೆ ಅವನು ಸುಮ್ಮನಿರಲಿ. ಅದೇ ಪದ. 30ನೇ ವಚನ: ಒಬ್ಬ ಪ್ರವಾದನೆ ಹೇಳುವಾಗ ಪಕ್ಕದಲ್ಲಿ ಕೂತವನಿಗೆ ದರ್ಶನವಾದರೆ ಮೊದಲನೆಯವನು ಸುಮ್ಮನಾಗಲಿ. ಅದೇ ಪದ.

ಒಂದೇ ಪದ, ಮೂರು ಗುಂಪಿಗೆ. ಅನ್ಯಭಾಷೆಯವನ ಮೌನ ಅರ್ಥ ಹೇಳೋನು ಬರೋವರೆಗೆ. ಪ್ರವಾದಿಯ ಮೌನ ಪಕ್ಕದವನ ಮಾತು ಮುಗಿಯೋವರೆಗೆ. ಹೆಂಗಸರ ಮೌನ ಮಾತ್ರ ಎರಡು ಸಾವಿರ ವರ್ಷ. ಇದು ಯಾವ ವ್ಯಾಕರಣ? ಅನ್ಯಭಾಷೆ ಆಡುವ ಗಂಡಸರಿಗೆ ಯಾವ ಚರ್ಚಾದರೂ ಆಜೀವ ಬಾಯಿ ಕಟ್ಟಿದ್ದನ್ನ ತೋರಿಸಿ. ಪ್ರತಿ ವಾರ ಅರ್ಧ ಗಂಟೆ ಅದೇ ನಡೆಯುತ್ತೆ, ಅರ್ಥ ಹೇಳೋರು ಒಬ್ಬರೂ ಇರಲ್ಲ. 28ನೇ ವಚನ ಮುರಿದು ಮುರಿದು ಸವೆದು ಹೋಗಿದೆ. 34ಕ್ಕೆ ಮಾತ್ರ ಕಾವಲು.

ಎರಡನೇ ಪದ: ಹುಪೊತಾಸ್ಸೊ. ಅಧೀನವಾಗಿರೋದು. ಹೆಂಗಸರು ಅಧೀನರಾಗಿರಲಿ ಅಂತ ಅದೇ ವಚನದಲ್ಲಿ ಇದೆ. ಯಾರಿಗೆ ಅಧೀನ? ಗ್ರೀಕ್ ವಾಕ್ಯದಲ್ಲಿ 'ಗಂಡಸರಿಗೆ' ಅನ್ನೋ ಪದ ಇಲ್ಲ, ನೋಡಿಕೊಳ್ಳಿ. ಎರಡು ವಚನ ಮೇಲೆ, 32ರಲ್ಲಿ, ಇದೇ ಪದ ಪ್ರವಾದಿಗಳ ವಿಷಯಕ್ಕೆ ಬಂದಿದೆ: ಪ್ರವಾದಿಗಳ ಆತ್ಮಗಳು ಪ್ರವಾದಿಗಳ ಹತೋಟಿಯಲ್ಲಿರ್ತವೆ ಅನ್ನೋ ಅರ್ಥದಲ್ಲಿ. ಇಡೀ ಅಧ್ಯಾಯ ನಡೀತಾ ಇರೋದೇ ಸಭೆಯ ಕ್ರಮದ ಬಗ್ಗೆ. ಎಲ್ಲರೂ ಒಟ್ಟಿಗೆ ಕೂಗಾಡಬೇಡಿ, ಒಬ್ಬೊಬ್ಬರಾಗಿ ಮಾತಾಡಿ ಅನ್ನೋ ಜಗಳ ಬಿಡಿಸೋ ಮಾತದು. ಅದನ್ನ ಹೆಣ್ಣು ಗಂಡಿನ ಕಾಲ ಕೆಳಗಿರಬೇಕು ಅನ್ನೋ ಶಾಸನ ಮಾಡಿಕೊಂಡಿದ್ದು ಆಮೇಲಿನ ಗಂಡಸರು.

ಅಲ್ಲೇ ಇನ್ನೊಂದು ಪದ ಇದೆ, ನೋಮೋಸ್, ಧರ್ಮಶಾಸ್ತ್ರ. ಧರ್ಮಶಾಸ್ತ್ರವೂ ಹೀಗೇ ಹೇಳುತ್ತೆ ಅನ್ನೋ ಆಧಾರ ಕೊಟ್ಟಿದೆ. ಮೋಶೆಯ ಐದು ಪುಸ್ತಕದಲ್ಲಿ ಹೆಂಗಸು ಸಭೆಯಲ್ಲಿ ಸುಮ್ಮನಿರಬೇಕು ಅನ್ನೋ ಆಜ್ಞೆ ಎಲ್ಲಿದೆ ತೋರಿಸಿ. ಇಲ್ಲ. ಬದಲಿಗೆ ಮಿರ್ಯಾಮಳು ದಮ್ಮಡಿ ಹಿಡಿದು ಹೆಂಗಸರನ್ನೆಲ್ಲ ಕರಕೊಂಡು ಹಾಡಿದ್ದು ಇದೆ. ನ್ಯಾಯಸ್ಥಾಪಕರ ಪುಸ್ತಕಕ್ಕೆ ಬಂದರೆ ದೆಬೋರಳು ಕೂತು ನ್ಯಾಯ ಹೇಳಿದ್ದು ಇದೆ.

ಮೂರನೇ ಪದ: ಗುನೇ. ಹೆಂಗಸು ಅಂತಲೂ ಹೌದು, ಹೆಂಡತಿ ಅಂತಲೂ ಹೌದು. ನಮ್ಮ ಕಡೆ ಗಂಡಸರು "ನಮ್ಮ ಹೆಂಗಸು" ಅಂದರೆ ಹೆಂಡತಿ ಅಂತ ತಾನೇ ಅರ್ಥ? ಹಾಗೇ. ಯಾವುದು ಅನ್ನೋದನ್ನ ಅಕ್ಕಪಕ್ಕದ ಮಾತು ನೋಡಿ ತಿಳೀಬೇಕು. 35ನೇ ವಚನದಲ್ಲಿ ತಮ್ಮ ತಮ್ಮ ಗಂಡಂದಿರನ್ನು ಕೇಳಲಿ ಅಂತ ಬಂದ ಮೇಲೆ ಅದು ಗಂಡ ಇರೋ ಹೆಂಡತಿಯರ ವಿಷಯ ಆಯ್ತು. ವಿಧವೆ, ಮದುವೆಯಾಗದವಳು, ಗಂಡ ಬಿಟ್ಟವಳು ಇವರಿಗೆ ಆ ವಾಕ್ಯ ಹೊಂದೋದೇ ಇಲ್ಲ. ನಮ್ಮವ್ವ ಒಂದಕ್ಷರ ಗ್ರೀಕ್ ಬರದೇ ಸೆರಗು ಕೊಡವಿಕೊಂಡು ಎತ್ತಿದ ಪ್ರಶ್ನೆ ವ್ಯಾಕರಣದ ಪ್ರಶ್ನೆಯೇ.

ಈಗ ಇದೇ ಪತ್ರಿಕೆಯ 11ನೇ ಅಧ್ಯಾಯಕ್ಕೆ ಬನ್ನಿ. 5ನೇ ವಚನದಲ್ಲಿ ಹೆಂಗಸು ಪ್ರಾರ್ಥನೆ ಮಾಡುವಾಗ, ಪ್ರವಾದನೆ ಹೇಳುವಾಗ ತಲೆ ಹೇಗಿರಬೇಕು ಅನ್ನೋ ಚರ್ಚೆ ಇದೆ. ತಲೆ ಮುಚ್ಚಬೇಕಾ ಬೇಡವಾ ಅನ್ನೋದು ಬೇರೆ ಜಗಳ, ಅದನ್ನ ಇನ್ನೊಂದು ದಿನ ಆಡೋಣ. ಬಾಯಿ ತೆರೀತಿದ್ದಾಳೆ ಅನ್ನೋದಂತೂ ಅಲ್ಲಿ ಖಾತ್ರಿ ಆಯ್ತಲ್ಲ? ಪ್ರವಾದನೆ ಮನಸ್ಸಿನಲ್ಲಿ ಹೇಳಿಕೊಳ್ಳೋದಲ್ಲ, ಸಭೆಗೆ ಕೇಳೋ ಹಾಗೆ ಹೇಳೋದು. 11ರಲ್ಲಿ ಮಾತಾಡುವ ಹೆಂಗಸಿಗೆ ನಿಯಮ ಬರೆದವನು 14ರಲ್ಲಿ ಯಾವ ಹೆಂಗಸೂ ಎಂದೂ ಮಾತಾಡಕೂಡದು ಅಂದನಾ? ಒಂದೋ ಪೌಲನಿಗೆ ಮರೆವು, ಇಲ್ಲಾ ನೀವು ಅರ್ಥ ಮಾಡಿಕೊಂಡಿದ್ದು ತಪ್ಪು.

ಇನ್ನೂ ಹಿಂದಕ್ಕೆ ಹೋಗಿ, ಮೊದಲನೇ ಅಧ್ಯಾಯ, 11ನೇ ವಚನ. ಸಭೆಯಲ್ಲಿ ಜಗಳ ಇದೆ ಅಂತ ಪೌಲನಿಗೆ ಸುದ್ದಿ ಕೊಟ್ಟಿದ್ದು ಯಾರು? ಖ್ಲೋಯೆ ಎಂಬ ಹೆಣ್ಣುಮಗಳ ಮನೆಯವರು. ಅಂದರೆ ಈ ಪತ್ರ ಹುಟ್ಟಿದ್ದರ ಹಿಂದೆ ಒಬ್ಬ ಹೆಂಗಸಿನ ಮನೆಯಿಂದ ಹೋದ ದೂರು ಇದೆ. ಪೌಲ ಅದನ್ನ ಕೇಳಿಸಿಕೊಂಡ. ಮೈಕ್ ಆಫ್ ಮಾಡಲಿಲ್ಲ.

34, 35ನೇ ವಚನಗಳ ಬಗ್ಗೆ ವಿದ್ವಾಂಸರಲ್ಲೇ ದೊಡ್ಡ ಅನುಮಾನ ಇದೆ. ಕ್ಲಾರೊಮೊಂಟಾನಸ್ ಅನ್ನೋ 6ನೇ ಶತಮಾನದ ಹಸ್ತಪ್ರತಿ ಮತ್ತು ಇನ್ನೂ ಕೆಲವು ಪ್ರತಿಗಳಲ್ಲಿ ಈ ಎರಡು ವಚನ ಇರೋ ಜಾಗದಲ್ಲಿಲ್ಲ, ಅಧ್ಯಾಯದ ಕೊನೆಗೆ 40ರ ಆಚೆ ಹೋಗಿ ಕೂತಿವೆ. ಯಾರೋ ಅಂಚಿನಲ್ಲಿ ಬರೆದಿದ್ದು ಆಮೇಲೆ ಒಳಗೆ ಸೇರಿಕೊಂಡಿದೆ ಅಂತ ಗಾರ್ಡನ್ ಫೀ 1987ರಲ್ಲಿ ವಾದಿಸಿದರು. ಅವರು ಪೆಂಟೆಕೋಸ್ಟಲ್ ವಿದ್ವಾಂಸರು, ನಮ್ಮಂಥ ಹೋರಾಟಗಾರರಲ್ಲ. ಇನ್ನು ಕೆಲವರು ಇದು ಕೊರಿಂಥದ ಗಂಡಸರ ಮಾತು, ಪೌಲ ಅದನ್ನ ಎತ್ತಿ ಹೇಳಿ 36ರಲ್ಲಿ ಅವರನ್ನೇ ಬೈದಿದ್ದಾನೆ ಅಂತಾರೆ. 36ನೇ ವಚನದಲ್ಲಿ ದೇವರ ಮಾತು ಏನು ನಿಮ್ಮಿಂದಲೇ ಹೊರಟಿತಾ, ನಿಮಗೊಬ್ಬರಿಗೇ ಬಂತಾ ಅನ್ನೋ ಧಾಟಿಯ ಗದರಿಕೆ ಇದೆ. ಅಲ್ಲಿನ 'ನಿಮಗೊಬ್ಬರಿಗೇ' ಅನ್ನೋದು ಗ್ರೀಕಲ್ಲಿ ಪುಲ್ಲಿಂಗ. ಗಂಡು ಹೆಣ್ಣು ಸೇರಿದ ಗುಂಪಿಗೂ ಪುಲ್ಲಿಂಗವೇ ಬರುತ್ತೆ, ಒಪ್ತೀನಿ. ಬರೀ ಹೆಂಗಸರನ್ನ ಬೈದಿದ್ದರೆ ಮಾತ್ರ ಅದು ಬರೋ ಹಾಗಿರಲಿಲ್ಲ.

ನ್ಯಾಯವಾಗಿ ಹೇಳಬೇಕಾದ್ದನ್ನೂ ಹೇಳ್ತೀನಿ. ಈ ಎರಡು ವಚನ ಪೂರ್ತಿ ಇಲ್ಲದ ಹಸ್ತಪ್ರತಿ ಒಂದೂ ಸಿಕ್ಕಿಲ್ಲ. ಹಾಗೇ, ನಮ್ಮ ಕಡೆಯವರು ಕೆಲವರು 'ಲಾಲೆಯೊ' ಅನ್ನೋ ಪದಕ್ಕೆ ಹರಟೆ ಹೊಡೆಯೋದು ಅಂತ ಅರ್ಥ, ಪೌಲ ಹರಟೆ ಮಾತ್ರ ಬೇಡ ಅಂದ ಅಂತಾರೆ. ದಯವಿಟ್ಟು ಅದನ್ನ ಹೇಳಬೇಡಿ. ಹಳೆಯ ಗ್ರೀಕಲ್ಲಿ ಆ ಅರ್ಥ ಇತ್ತು. ಆದರೆ ಈ ಅಧ್ಯಾಯದಲ್ಲಿ ಆ ಪದ ಇಪ್ಪತ್ತಕ್ಕೂ ಹೆಚ್ಚು ಸಲ ಬಂದಿದೆ, ಪ್ರವಾದಿಗಳ ಮಾತಿಗೂ ಅದೇ. ಹೆಂಗಸರ ವಿಷಯ ಬಂದಾಗ ಮಾತ್ರ ಹರಟೆ ಅನ್ನೋದು ನಮ್ಮನ್ನ ನಾವೇ ಜರಿದುಕೊಂಡ ಹಾಗೆ. ಒಂದೇ ಪದಕ್ಕೆ ಗಂಡಿಗೊಂದು ಅರ್ಥ ಹೆಣ್ಣಿಗೊಂದು ಅರ್ಥ ಮಾಡಿದ್ರಿ ಅಂತ ಅವರನ್ನ ಕೇಳ್ತಾ ಇರೋ ನಾವು ಅದನ್ನೇ ಮಾಡೋದು ಬೇಡ.

ಅಯ್ಯನವರ ಕೈಲಿರೋ ಇನ್ನೊಂದು ದೊಣ್ಣೆ ತಿಮೊಥೆಯನಿಗೆ ಬರೆದ ಮೊದಲನೇ ಪತ್ರಿಕೆಯ 2ನೇ ಅಧ್ಯಾಯ, 11 ಮತ್ತು 12. ಹೆಂಗಸು ಉಪದೇಶ ಮಾಡಬಾರದು, ಗಂಡಸಿನ ಮೇಲೆ ಅಧಿಕಾರ ನಡೆಸಬಾರದು ಅಂತ ಇರೋ ಜಾಗ. ಇದು ಪೌಲನದೇ ಹೌದಾ ಅಂತ ಬಹಳ ವಿದ್ವಾಂಸರಿಗೆ ಅನುಮಾನ. ಅದಿರಲಿ, ಪದ ನೋಡೋಣ.

ಆ ಎರಡು ವಚನದಲ್ಲಿ ಆಜ್ಞೆಯ ರೂಪದಲ್ಲಿ ಇರೋ ಕ್ರಿಯಾಪದ ಒಂದೇ ಒಂದು: ಮಾಂಥಾನೆತೊ. ಕಲಿಯಲಿ! ಹೆಂಗಸು ಕಲಿಯಲಿ ಅಂತ ಆಜ್ಞೆ. ಕೊರಿಂಥದ 35ನೇ ವಚನದಲ್ಲೂ ಇದೇ ಧಾತು ಇದೆ: ಏನಾದರೂ ಕಲಿಯಬೇಕು ಅಂತಿದ್ದರೆ. ಎರಡು ಕಡೆಯೂ ಹೆಂಗಸರು ಕಲಿಯೋಕೆ ಹೊರಟಿದ್ದಾರೆ. ಇಷ್ಟು ವರ್ಷ ಆ ಪುಟ ಓದಿದವರ ಕಣ್ಣಿಗೆ ಸುಮ್ಮನಿರು ಅನ್ನೋದು ಕಂಡಿತು, ಕಲಿ ಅನ್ನೋದು ಕಾಣಲಿಲ್ಲ. 1848ರಲ್ಲಿ ಪುಣೆಯಲ್ಲಿ ಹೆಣ್ಣುಮಕ್ಕಳಿಗೆ ಶಾಲೆ ತೆರೆದ ಸಾವಿತ್ರಿಬಾಯಿಯ ಮೇಲೆ ಸಗಣಿ ಎಸೆದ ಜನರ ನಾಡಿನವರು ನಾವು. ಈ ಪದದ ಬೆಲೆ ನಮಗೆ ಗೊತ್ತು.

ಹೇಗೆ ಕಲಿಯಲಿ? ಹೆಸುಖಿಯಾದಿಂದ. ಇದು ಸಿಗಾವೊ ಅಲ್ಲ, ಬೇರೆ ಪದ. ಬಾಯಿ ಮುಚ್ಚೋದಲ್ಲ, ಸಮಾಧಾನ, ನೆಮ್ಮದಿ. ಇದೇ ಅಧ್ಯಾಯದ 2ನೇ ವಚನದಲ್ಲಿ ನಾವೆಲ್ಲರೂ ಶಾಂತವಾಗಿ ಬಾಳೋಣ ಅನ್ನುವಾಗ ಇದೇ ಬೇರಿನ ಪದ ಬಂದಿದೆ. ಅಲ್ಲಿ ಯಾರೂ ಗಂಡಸರೆಲ್ಲ ಬಾಯಿ ಹೊಲಿದುಕೊಳ್ಳಲಿ ಅಂತ ಅರ್ಥ ಮಾಡಲಿಲ್ಲ.

ಇನ್ನು ಆ 'ಅಧಿಕಾರ'. ಅಲ್ಲಿರೋ ಪದ ಔಥೆಂಟೇನ್. ಇಡೀ ಹೊಸ ಒಡಂಬಡಿಕೆಯಲ್ಲಿ ಈ ಪದ ಬಂದಿರೋದು ಇದೊಂದೇ ಸಲ. ಅಧಿಕಾರಕ್ಕೆ ಪೌಲ ಬಳಸೋ ಮಾಮೂಲಿ ಪದ ಎಕ್ಸೂಸಿಯಾ. ಅದು ಇಲ್ಲಿಲ್ಲ. ಔಥೆಂಟೇನ್‌ಗೆ ಹತ್ತಿರದ ನಾಮಪದ ಔಥೆಂಟೆಸ್. ಹೆರೊಡೊಟಸ್, ಯೂರಿಪಿಡೀಸ್ ಕಾಲದಲ್ಲಿ ಅದಕ್ಕೆ ಕೊಲೆಗಾರ ಅಂತ ಅರ್ಥ ಇತ್ತು. ಪೌಲನ ಕಾಲಕ್ಕೆ ಆ ಪದ ಅಷ್ಟು ಘೋರವಾಗಿ ಉಳಿದಿರಲಿಲ್ಲ ಅಂತ ಇಟ್ಟುಕೊಂಡರೂ, 1611ರ ಕಿಂಗ್ ಜೇಮ್ಸ್ ಅನುವಾದಕರೇ ಅದನ್ನ ಬರೀ ಅಧಿಕಾರ ಅನ್ನದೆ ಅಧಿಕಾರ ಕಿತ್ತುಕೊಳ್ಳೋದು ಅಂತ ಬರೆದರು. ದಬ್ಬಾಳಿಕೆ ಬೇಡ ಅನ್ನೋದಕ್ಕೂ ಪ್ರಸಂಗ ಪೀಠ ಹತ್ತಬೇಡ ಅನ್ನೋದಕ್ಕೂ ವ್ಯತ್ಯಾಸ ಇಲ್ವಾ? ದಬ್ಬಾಳಿಕೆ ಬೇಡ ಅನ್ನೋದಾದ್ರೆ ಮೈಕ್ ಆಫ್ ಮಾಡಿಸಿದವರಿಗೆ ಮೊದಲು ಓದಿ ಹೇಳಿ.

ತಿಮೊಥೆಯ ಇದ್ದಿದ್ದು ಎಫೆಸದಲ್ಲಿ. ಅದೇ ಎಫೆಸದಲ್ಲಿ ಅಪೊಲ್ಲೋಸನೆಂಬ ದೊಡ್ಡ ವಾಗ್ಮಿಯನ್ನ ಮನೆಗೆ ಕರೆದು ತಿದ್ದಿ ಪಾಠ ಹೇಳಿದ್ದು ಪ್ರಿಸ್ಕಿಲ್ಲ ಮತ್ತು ಅವಳ ಗಂಡ ಅಕ್ವಿಲ. ಅಪೊಸ್ತಲರ ಕೃತ್ಯಗಳು, 18ನೇ ಅಧ್ಯಾಯ. ಹೆಂಗಸಿನ ಉಪದೇಶ ಕೇಳಿ ಅಪೊಲ್ಲೋಸ ಕೆಟ್ಟು ಹೋಗಲಿಲ್ಲ.

ಇದೇ ತಿಮೊಥೆಯನ ಪತ್ರಿಕೆಯ 6ನೇ ಅಧ್ಯಾಯ, 1ನೇ ವಚನವನ್ನ ನೀವು ಯಾಕೆ ಓದಲ್ಲ ಅಯ್ಯನವರೇ? ನೊಗದ ಕೆಳಗಿರೋ ದಾಸರು ಯಜಮಾನರಿಗೆ ಪೂರ್ತಿ ಮರ್ಯಾದೆ ಕೊಡಬೇಕು ಅಂತ ಇದೆ. ನೊಗ ಅನ್ನೋ ಪದವೇ ಇದೆ. ನಮ್ಮ ತಾತ ಜೀತಕ್ಕಿದ್ದವನು. 1976ರಲ್ಲಿ ಜೀತ ರದ್ದು ಕಾಯಿದೆ ಬಂದ ಮೇಲೂ ಕೆಲವು ವರ್ಷ ಇದ್ದ. ನಮ್ಮ ಕೇರಿಗೆ ಬಂದು ಈ ವಚನ ಓದಿ, ಗೌಡರ ಹಟ್ಟಿಗೆ ವಾಪಸ್ ಹೋಗಿ ಅನ್ನೋ ಧೈರ್ಯ ಇದೆಯಾ ನಿಮಗೆ? ಇಲ್ಲ. ಯಾಕೆಂದರೆ ನಾವು ಬಿಡಲ್ಲ. ಅದು ಆ ಕಾಲದ ಮಾತು ಅಂತೀರಿ. ಗುಲಾಮಗಿರಿಯ ವಚನಕ್ಕೆ ಕಾಲ ಇದೆ, ಹೆಂಗಸರ ವಚನಕ್ಕೆ ಕಾಲ ಇಲ್ಲ. ನೊಗದಿಂದ ನಿಮ್ಮ ಕತ್ತು ಬಿಡಿಸಿಕೊಂಡ ಮೇಲೆ ಹಿಂದಿರೋಳ ಕತ್ತು ಕಾಣಲ್ಲ, ಅಷ್ಟೇ.

ಇದೇನೂ ನಮ್ಮ ಅಯ್ಯನವರು ಶುರುಮಾಡಿದ ಆಟ ಅಲ್ಲ. ರೋಮಾಪುರದವರಿಗೆ ಬರೆದ ಪತ್ರಿಕೆಯ 16ನೇ ಅಧ್ಯಾಯದಲ್ಲಿ ಫೊಯಿಬೆ ಬರ್ತಾಳೆ. ಕೆಂಖ್ರೆಯ ಸಭೆಯ ದಿಯಾಕೊನೊಸ್. ಗಂಡಸರಿಗೆ ಈ ಪದ ಬಂದಾಗ ಕಿಂಗ್ ಜೇಮ್ಸ್‌ನಲ್ಲಿ ಹೆಚ್ಚಾಗಿ ಮಿನಿಸ್ಟರ್, ಡೀಕನ್. ಫೊಯಿಬೆಗೆ ಬಂದಾಗ ಸರ್ವೆಂಟ್. ಅದೇ ಪುಸ್ತಕ, ಅದೇ ಪದ. ಗಂಡಸಿಗೆ ಪದವಿ, ಹೆಂಗಸಿಗೆ ಕಸಬರಿಗೆ. ಕೆಳಗೆ 7ನೇ ವಚನದಲ್ಲಿ ಯೂನ್ಯ ಇದ್ದಾಳೆ, ಅಪೊಸ್ತಲರಲ್ಲಿ ಹೆಸರುವಾಸಿಯಾದವಳು. 4ನೇ ಶತಮಾನದಲ್ಲಿ ಕ್ರಿಸೊಸ್ಟಮ್ ಅವಳನ್ನ ಹೆಂಗಸು ಅಂತಲೇ ಹೊಗಳಿದ. ಆಮೇಲೆ ಬಂದವರಿಗೆ ಹೆಂಗಸು ಅಪೊಸ್ತಲೆ ಆಗಿರೋದು ನುಂಗಲಾರದ ತುತ್ತಾಯ್ತು. 'ಯೂನಿಯಾಸ್' ಅಂತ ಗಂಡು ಹೆಸರು ಮಾಡಿದರು. ಯೂನ್ಯ ಅನ್ನೋ ಹೆಣ್ಣು ಹೆಸರು ರೋಮಿನ ಶಾಸನಗಳಲ್ಲಿ ಇನ್ನೂರಕ್ಕೂ ಹೆಚ್ಚು ಸಲ ಸಿಗುತ್ತೆ, ಯೂನಿಯಾಸ್ ಒಂದೂ ಸಿಕ್ಕಿಲ್ಲ. ಆದರೂ ವಿದ್ವಾಂಸರು ಬಳಸೋ ನೆಸ್ಲೆಯ ಗ್ರೀಕ್ ಹೊಸ ಒಡಂಬಡಿಕೆಯಲ್ಲಿ 1927ರಿಂದ ಎಪ್ಪತ್ತು ವರ್ಷ ಅವಳು ಗಂಡಸಾಗೇ ಇದ್ದಳು. 1998ರ ಮುದ್ರಣದಲ್ಲಿ ತಿರುಗಿ ಹೆಂಗಸಾದಳು.

ಮೂಲದಲ್ಲೇ ಹಾಗಿದೆ ಅಂದ್ರಲ್ಲ, ಆ ಮೂಲದ ಮೇಲೂ ಕೈಯಾಡಿಸಿದ್ದು ಗಂಡಸರು.

ಇದನ್ನ ಮೊದಮೊದಲು ಹಿಡಿದವರಲ್ಲಿ ಕ್ಯಾಥರೀನ್ ಬುಶ್ನೆಲ್ ಒಬ್ಬಳು. ಅಮೆರಿಕದ ಡಾಕ್ಟರು. ಚೀನಾದಲ್ಲಿದ್ದಾಗ ಅಲ್ಲಿನ ಬೈಬಲ್ ಅನುವಾದದಲ್ಲಿ ಹೆಂಗಸರ ಸೇವೆಯನ್ನ ಮರೆಮಾಚಿದ್ದು ಗೊತ್ತಾಗಿ, ಹಾಗಾದ್ರೆ ಇಂಗ್ಲಿಷ್‌ನಲ್ಲಿ ಏನು ಮಾಡಿರಬಹುದು ಅನ್ನೋ ಅನುಮಾನ ಅವಳಿಗೆ ಬಂತು. 1891-92ರಲ್ಲಿ ಇಂಡಿಯಾಕ್ಕೆ ಬಂದು, ಬ್ರಿಟಿಷ್ ಸೈನಿಕರಿಗಾಗಿ ದಂಡು ಪ್ರದೇಶಗಳಲ್ಲಿ ನಡೆಸ್ತಿದ್ದ ಚಕ್ಲಾಗಳಲ್ಲಿ ಸಿಕ್ಕಿಬಿದ್ದ ಹೆಣ್ಣುಮಕ್ಕಳನ್ನ ಮಾತಾಡಿಸಿ, ಅವರು ಹೇಳಿದ್ದನ್ನ ಬರೆದುಕೊಂಡು ಹೋಗಿ ಸರ್ಕಾರದ ಮುಂದಿಟ್ಟಳು. ಆಮೇಲೆ ಹೀಬ್ರೂ, ಗ್ರೀಕ್ ಹಿಡಿದು ವರ್ಷಗಟ್ಟಲೆ ಕೂತು, ಹೆಂಗಸರ ಬಗೆಗಿನ ವಚನಗಳನ್ನೆಲ್ಲ ಜಾಲಾಡಿ 'ಗಾಡ್ಸ್ ವರ್ಡ್ ಟು ವಿಮೆನ್' ಅನ್ನೋ ಪುಸ್ತಕ ಬರೆದಳು. ಕೇಳಿಸಿಕೊಳ್ಳೋಕೆ ಯಾರೂ ಇಲ್ಲದ ಹೆಂಗಸರ ಮಾತು ಕೇಳಿಸಿಕೊಂಡ ಕಿವಿಗೇ ಗ್ರೀಕಿನ ಮೋಸವೂ ಕೇಳಿಸಿತು ಅಂತ ನನಗನ್ನಿಸುತ್ತೆ.

ನಮ್ಮ ಸಂಗಾತಿಗಳು ಕೇಳ್ತೀರಿ: ಇಷ್ಟೆಲ್ಲ ಒದ್ದಾಟ ಯಾಕೆ, ಆ ಪುಸ್ತಕ ಬಿಟ್ಟು ಬಾ. ಬಾಬಾಸಾಹೇಬರು 1927ರ ಡಿಸೆಂಬರ್ 25ಕ್ಕೆ ಮಹಾಡದಲ್ಲಿ ಮನುಸ್ಮೃತಿ ಸುಟ್ಟರು, ಕೂತು ಅರ್ಥ ಬಿಡಿಸಲಿಲ್ಲ ಅಂತೀರಿ. ತಪ್ಪು. ಸುಡೋ ಮೊದಲೂ ಆಮೇಲೂ ಅವರು ಆ ಪುಸ್ತಕಗಳನ್ನ ಓದಿದ ಹಾಗೆ ಯಾರೂ ಓದಿರಲಿಲ್ಲ. ನಾನು ಬಿಡೋಳೋ ಇರೋಳೋ ಅದು ನನ್ನ ವಿಷಯ. ಆದರೆ ನಮ್ಮವ್ವ ಬಿಡಲ್ಲ. ಅಪ್ಪ ಸತ್ತ ರಾತ್ರಿ ಅವಳನ್ನ ಹಿಡಿದು ನಿಲ್ಲಿಸಿದ್ದು ಆ ಪುಸ್ತಕ. ಅವಳ ಪುಸ್ತಕವನ್ನ ಅವಳ ಬಾಯಿಗೆ ತುರುಕೋದಕ್ಕೆ ನಾನು ಬಿಡಲ್ಲ.

ಪೌಲನನ್ನ ಹೆಣ್ಣುಮಕ್ಕಳ ನಾಯಕ ಮಾಡೋ ಆಸೆಯೂ ನನಗಿಲ್ಲ. ಅವನೂ ಆ ಕಾಲದ ಗಂಡಸು. ಆದರೆ ಗಲಾತ್ಯದವರಿಗೆ ಬರೆದ ಪತ್ರಿಕೆ 3ನೇ ಅಧ್ಯಾಯದಲ್ಲಿ ಯೆಹೂದ್ಯ ಗ್ರೀಕ, ದಾಸ ಸ್ವತಂತ್ರ, ಗಂಡು ಹೆಣ್ಣು ಭೇದ ಮೂರನ್ನೂ ಒಟ್ಟಿಗೆ ಹೊಡೆದು ಹಾಕಿದ್ದು ಅವನೇ. ನಮ್ಮ ಹಿರಿಯರು ಈ ಧರ್ಮಕ್ಕೆ ಬಂದಿದ್ದು ಆ ಮಾತು ನಂಬಿ. ಮೊದಲ ಎರಡನ್ನ ಗಂಡಸರು ಇಟ್ಟುಕೊಂಡು ಮೂರನೆಯದನ್ನ ಬಿಟ್ಟರೆ ಆ ಒಪ್ಪಂದ ಮುರಿದ ಹಾಗೆ. ದಕ್ಷಿಣ ಭಾರತ ಸಭೆಯಲ್ಲಿ ಹೆಂಗಸರು ಪಾದ್ರಿಗಳಾಗಿ ದಶಕಗಳಾದವು. 2013ರಲ್ಲಿ ಇ. ಪುಷ್ಪಲಲಿತ ನಂದ್ಯಾಲದ ಬಿಷಪ್ ಆದರು. ಅವರೂ ಇದೇ ಬೈಬಲ್ ಓದೋದು.

ಬರುವ ಭಾನುವಾರ ಅವ್ವ ಮತ್ತೆ ಎದ್ದು ನಿಲ್ತಾಳೆ, ಜೊತೆಗೆ ಕೇರಿಯ ಇನ್ನು ಹನ್ನೊಂದು ಹೆಂಗಸರು. ಅವರಲ್ಲಿ ಐದು ಜನ ವಿಧವೆಯರು. ಮೈಕ್ ಬೇಡ ನಮಗೆ, ಗದ್ದೆಯಲ್ಲಿ ಕೂಗಿ ಬೆಳೆದ ಗಂಟಲು. ಅಯ್ಯನವರೇ, ಗ್ರೀಕ್ ನೀವು ತರೋದು ಬೇಡ, ಅದು ನಮ್ಮ ಹತ್ತಿರ ಇದೆ. ನೀವು ಬೇಲಿ ದುಡ್ಡಿನ ಲೆಕ್ಕದ ಪುಸ್ತಕ ತನ್ನಿ.

ಬೈಯೋಕೆ ಬರೋರು ಮೊದಲು 14ನೇ ಅಧ್ಯಾಯ ಮೊದಲಿಂದ ಕೊನೇವರೆಗೆ ಒಂದು ಸಲ ಓದಿಕೊಂಡು ಬನ್ನಿ. ಓದಿದವರು ಹಂಚಿ.

ಜೈ ಭೀಮ್.